ಕೋಪ, ಸ್ವಭಾವ, ಬಿಪಿ, ಹಾರ್ಟ್: ನಮ್ಮ ಸಿಟ್ಟು ಹೃದಯಕ್ಕೆ ಎಷ್ಟು ಹೊರೆ ಅಂತ ನಾವೇ ನೋಡ್ಕೊಂಡು ಇಳಿಸೋದು ಹೇಗೆ

"ಕೋಪ ಮಾಡ್ಕೋಬೇಡಿ, ಬಿಪಿ ಏರುತ್ತೆ" ಅನ್ನೋದನ್ನ ಡಾಕ್ಟ್ರೂ ಹೇಳ್ತಾರೆ, ಮನೆಯವರೂ ಹೇಳ್ತಾರೆ, ಆದ್ರೆ ಹೇಗೆ ಮಾಡ್ಕೋಬಾರ್ದು ಅನ್ನೋದನ್ನ ಮಾತ್ರ ಯಾರೂ ಕೂತು ಹೇಳಲ್ಲ. ಇನ್ನು ಕೆಲವರು "ಅವರ ಸ್ವಭಾವಾನೇ ಹಂಗೆ, ಮೂಗಿನ ತುದೀಲೇ ಕೋಪ, ಏನ್ ಮಾಡಕ್ಕಾಗುತ್ತೆ" ಅಂತ ಕೈ ತೊಳ್ಕೊಂಡ್ಬಿಡ್ತಾರೆ. ಈ ಎರಡು ಮಾತಿಂದಾನೂ ಹಾರ್ಟಿಗೆ ಏನೂ ಉಪಯೋಗ ಇಲ್ಲ.

ನಾನು ಇಲ್ಲಿ ಹೇಳಕ್ಕೆ ಹೊರಟಿರೋದು ಇಷ್ಟೇ: ಸಿಟ್ಟು ಬರೋದು ರೋಗ ಅಲ್ಲ, ಎಲ್ಲರಿಗೂ ಬರುತ್ತೆ. ದಿನಕ್ಕೆ ಎಷ್ಟು ಸಲ ಬರುತ್ತೆ, ಬಂದ ಸಿಟ್ಟು ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತೆ, ಎದುರಿಗಿರೋ ಜನರ ಬಗ್ಗೆ ನಮ್ಮ ಮನಸ್ಸಲ್ಲಿ ಎಂಥ ಅಭಿಪ್ರಾಯ ಗಟ್ಟಿಯಾಗಿ ಕೂತಿದೆ, ಹೃದಯದ ಲೆಕ್ಕಕ್ಕೆ ಬರೋದು ಇವು. ಇವನ್ನ ಗಮನಿಸಬಹುದು, ಬರೆದಿಡಬಹುದು, ಇಳಿಸಲೂಬಹುದು. ಸ್ವಭಾವ ಪೂರ್ತಿ ಬದಲಾಯಿಸ್ಕೊಳ್ಳೋ ಅಗತ್ಯ ಏನೂ ಇಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಬಿಪಿ ಮಾತ್ರೆ, ಹಾರ್ಟ್ ಮಾತ್ರೆ ತಗೊಳ್ತಿರೋರು ಇದನ್ನ ಓದಿ ಮಾತ್ರೆ ಬಿಡ್ಬೇಡಿ. ಇದು ಮಾತ್ರೆ ಜೊತೆಗೆ ಮಾಡೋ ಕೆಲಸ, ಮಾತ್ರೆ ಬದಲಿಗೆ ಅಲ್ಲ.

ಸಿಟ್ಟು ಬಂದಾಗ ಒಳಗೆ ಏನಾಗುತ್ತೆ

ಯಾರೋ ಏನೋ ಅಂದ್ರು, ಮೆದುಳು ಅದನ್ನ ದಾಳಿ ಅಂತ ಓದ್ಕೊಳ್ತು. ತಕ್ಷಣ ಸಿಂಪಥೆಟಿಕ್ ನರಮಂಡಲ, ಅಂದ್ರೆ ಅಪಾಯ ಬಂದಾಗ ಮೈನ ಸಜ್ಜು ಮಾಡೋ ನರಗಳ ಜಾಲ, ಎಚ್ಚರ ಆಗುತ್ತೆ, ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಬರುತ್ತೆ, ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಬರುತ್ತೆ, ಸ್ವಲ್ಪ ತಡವಾಗಿ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನೂ ಸೇರ್ಕೊಳ್ಳುತ್ತೆ. ಹೃದಯ ಜೋರಾಗಿ, ಬೇಗ ಬೇಗ ಹೊಡ್ಕೊಳ್ಳುತ್ತೆ, ರಕ್ತನಾಳಗಳು ಬಿಗಿಯಾಗ್ತವೆ. ಪಂಪ್ ಜೋರಾಯ್ತು, ಪೈಪ್ ಕಿರಿದಾಯ್ತು, ಪ್ರೆಷರ್ ಏರ್ಲೇಬೇಕು. ರಕ್ತದಲ್ಲಿರೋ ಪ್ಲೇಟ್‌ಲೆಟ್‌ಗಳೂ ಒಂದಕ್ಕೊಂದು ಅಂಟ್ಕೊಳ್ಳಕ್ಕೆ ತಯಾರಾಗ್ತವೆ, ಯಾಕಂದ್ರೆ ಹೊಡೆದಾಟದಲ್ಲಿ ಗಾಯ ಆದ್ರೆ ರಕ್ತ ಬೇಗ ಹೆಪ್ಪುಗಟ್ಟಲಿ ಅಂತ ದೇಹದ ಲೆಕ್ಕಾಚಾರ. ಕಾಡಲ್ಲಿ ಪ್ರಾಣಿ ಎದುರಾದಾಗ ಇದು ಉಪಯೋಗಕ್ಕೆ ಬರ್ತಿತ್ತು. ಮೀಟಿಂಗಲ್ಲಿ ಯಾರೋ ನಮ್ಮ ಕೆಲಸನ ತಮ್ಮ ಹೆಸರಿಗೆ ಹಾಕ್ಕೊಂಡಾಗ ಓಡೋ ಹಾಗೂ ಇಲ್ಲ, ಹೊಡೆಯೋ ಹಾಗೂ ಇಲ್ಲ, ಕುರ್ಚೀಲೇ ಕೂತಿರ್ಬೇಕು, ಒಳಗೆ ಮಾತ್ರ ಇಷ್ಟೆಲ್ಲ ನಡೀತಿರುತ್ತೆ.

ರಕ್ತನಾಳ ಚೆನ್ನಾಗಿರೋರಿಗೆ ಇದು ಬಂದು ಹೋಗುತ್ತೆ. ಹೃದಯದ ನಾಳದಲ್ಲಿ ಈಗಾಗ್ಲೇ ಕೊಬ್ಬಿನ ಗಡ್ಡೆ, ಅಂದ್ರೆ ಪ್ಲಾಕ್ ಇರೋರ ಕಥೆ ಬೇರೆ. ಪ್ರೆಷರ್ ದಿಢೀರ್ ಏರಿದಾಗ ಆ ಪ್ಲಾಕ್ ಬಿರುಕು ಬಿಡಬಹುದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ರೆ ಅದೇ ಹಾರ್ಟ್ ಅಟ್ಯಾಕ್.

2024ರಲ್ಲಿ ಅಮೆರಿಕದ ಸಂಶೋಧಕರು 280 ಜನ ಆರೋಗ್ಯವಂತರನ್ನ ಕೂರಿಸಿ, ಕೆಲವರಿಗೆ ಸಿಟ್ಟು ಬಂದಿದ್ದ ಹಳೇ ಘಟನೆ, ಕೆಲವರಿಗೆ ಆತಂಕದ್ದು, ಇನ್ನು ಕೆಲವರಿಗೆ ದುಃಖದ್ದು ಅಂತ 8 ನಿಮಿಷ ನೆನಪಿಸ್ಕೊಳ್ಳಕ್ಕೆ, ಹೇಳಕ್ಕೆ ಬಿಟ್ರು. ಸಿಟ್ಟು ನೆನಪಿಸ್ಕೊಂಡವರ ರಕ್ತನಾಳಗಳು ಹಿಗ್ಗೋ ಶಕ್ತಿ ಕಮ್ಮಿಯಾಯ್ತು, 40 ನಿಮಿಷದವರೆಗೂ ಆ ಪರಿಣಾಮ ಕಾಣಿಸ್ತು. ಆತಂಕ, ದುಃಖದವರಲ್ಲಿ ಅಂಥದ್ದು ಕಾಣಿಸ್ಲಿಲ್ಲ. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ, ಅವರ ಎದುರಿಗೆ ಯಾರೂ ಜಗಳಕ್ಕೆ ನಿಂತಿರ್ಲಿಲ್ಲ, ಬರೀ ನೆನಪು. ರಾತ್ರಿ ಹಾಸಿಗೇಲಿ ಮಲಗಿ "ಅವನು ಹಂಗಂದಾಗ ನಾನು ಹಿಂಗನ್ನಬೇಕಿತ್ತು" ಅಂತ ಮತ್ತೆ ಮತ್ತೆ ಮೆಲುಕು ಹಾಕೋರು ಇದನ್ನ ಎರಡು ಸಲ ಓದಿ.

ಯಾವ ಸ್ವಭಾವ ನಿಜವಾಗಿ ತೊಂದ್ರೆ ಕೊಡುತ್ತೆ

1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಫ್ರೀಡ್‌ಮನ್, ರೇ ರೋಸೆನ್‌ಮನ್ ಅನ್ನೋ ಇಬ್ಬರು ಹೃದಯ ತಜ್ಞರು "ಟೈಪ್ ಎ" ಅನ್ನೋ ಹೆಸರು ಕೊಟ್ರು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಕ್ಕೆ ಬಂದವನು ಬರೀ ಮುಂದಿನ ಅಂಚಷ್ಟೇ ಸವೆದಿರೋದನ್ನ ನೋಡಿ ಕೇಳಿದ್ನಂತೆ, ರೋಗಿಗಳು ಕಾಯಕ್ಕಾಗದೆ ಕುರ್ಚಿ ತುದೀಲೇ ಕೂರ್ತಿದ್ರು. ಸದಾ ಅವಸರ, ಸದಾ ಪೈಪೋಟಿ, ಸಣ್ಣ ವಿಷಯಕ್ಕೂ ರೇಗೋದು, ಇದು ಟೈಪ್ ಎ. 3,000ಕ್ಕೂ ಹೆಚ್ಚು ಗಂಡಸರನ್ನ ಸುಮಾರು ಎಂಟೂವರೆ ವರ್ಷ ಗಮನಿಸಿದ ಅವರ ಅಧ್ಯಯನದಲ್ಲಿ ಟೈಪ್ ಎ ಜನಕ್ಕೆ ಹೃದಯ ರೋಗ ಸುಮಾರು ಎರಡು ಪಟ್ಟು ಅಂತ ಬಂತು.

ಆಮೇಲೆ ಕಥೆ ತಿರುಗ್ತು. ಅದೇ ಜನರನ್ನ 22 ವರ್ಷ ಆದ್ಮೇಲೆ ನೋಡಿದಾಗ ಟೈಪ್ ಎ ಇರೋರು ಹೃದಯ ರೋಗದಿಂದ ಹೆಚ್ಚಾಗಿ ಸಾಯ್ತಾರೆ ಅನ್ನೋದು ನಿಲ್ಲಲಿಲ್ಲ. ಟೈಪ್ ಎ ಬಗ್ಗೆ ನಡೆದ ಸಂಶೋಧನೆಗೆ ಸಿಗರೇಟ್ ಕಂಪನಿಗಳು ಸಾಕಷ್ಟು ದುಡ್ಡು ಸುರಿದಿದ್ವು ಅನ್ನೋದೂ ಆಮೇಲೆ ಹೊರಗೆ ಬಂತು, ತಪ್ಪು ಸಿಗರೇಟಿಂದಲ್ಲ ಸ್ವಭಾವದ್ದು ಅಂತಾದ್ರೆ ಅವರಿಗೆ ಲಾಭ ತಾನೆ. ಹಾಗಾಗಿ "ನೀವು ಟೈಪ್ ಎ, ನಿಮಗೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ" ಅಂತ ಯಾರಾದ್ರೂ ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ.

ಆದ್ರೆ ಟೈಪ್ ಎ ಅನ್ನೋ ಗಂಟನ್ನ ಬಿಚ್ಚಿ ಒಂದೊಂದೇ ಗುಣ ಬೇರೆ ಮಾಡಿ ನೋಡಿದಾಗ ಕೆಲವು ಗುಣ ಮಾತ್ರ ಕೆಟ್ಟವು ಅಂತ ಗೊತ್ತಾಯ್ತು. ಕಾರ್ಡಿಯಾ ಅನ್ನೋ ಅಮೆರಿಕದ ಅಧ್ಯಯನದಲ್ಲಿ 18ರಿಂದ 30 ವಯಸ್ಸಿನ 3,308 ಜನರನ್ನ 15 ವರ್ಷ ಗಮನಿಸಿದ್ರು. ಅವಸರ-ಅಸಹನೆ ಜಾಸ್ತಿ ಇದ್ದೋರಿಗೆ, ಬೇರೆಯವರ ಬಗ್ಗೆ ಹಗೆತನದ ಭಾವನೆ ಜಾಸ್ತಿ ಇದ್ದೋರಿಗೆ ಹೈ ಬಿಪಿ ಬರೋ ಸಾಧ್ಯತೆ ಜಾಸ್ತಿ ಇತ್ತು. ಸಾಧಿಸ್ಬೇಕು, ಗೆಲ್ಲಬೇಕು ಅನ್ನೋ ಛಲ ಇದ್ದೋರಿಗೆ ಅಂಥ ಸಂಬಂಧ ಸಿಗ್ಲಿಲ್ಲ. ಅಂದ್ರೆ ನೀವು ಕಷ್ಟಪಟ್ಟು ಕೆಲಸ ಮಾಡೋರು, ಮೇಲೆ ಬರ್ಬೇಕು ಅನ್ನೋರು ಅಂದ್ರೆ ಅದನ್ನೇನೂ ಬಿಡ್ಬೇಕಾಗಿಲ್ಲ. ಬಿಡ್ಬೇಕಾಗಿರೋದು "ಎಲ್ಲರೂ ಮೋಸಗಾರರು, ಯಾರನ್ನೂ ನಂಬಬಾರ್ದು, ಬೇಕಂತಲೇ ನನಗೆ ಹೀಗೆ ಮಾಡ್ತಾರೆ" ಅನ್ನೋ ಮನಸ್ಸಿನ ಕಹಿ. ಹಗೆತನ ಅಂದ್ರೆ ಕೂಗಾಡೋದೇ ಆಗ್ಬೇಕಿಲ್ಲ, ಮಾತೇ ಆಡದೆ ಒಳಗೇ ಎಲ್ಲರನ್ನೂ ಸಂಶಯದಿಂದ ನೋಡೋದೂ ಹಗೆತನಾನೇ.

ಇನ್ನೊಂದು ಗುಂಪಿದೆ, ಅವರನ್ನ ಯಾರೂ ಕೋಪಿಷ್ಠರು ಅನ್ನಲ್ಲ. ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡಿದ ಯೋಹಾನ್ ಡೆನೊಲೆಟ್ 1990ರ ದಶಕದಲ್ಲಿ ಇದಕ್ಕೆ "ಟೈಪ್ ಡಿ" ಅಂತ ಹೆಸರಿಟ್ರು. ಸದಾ ಚಿಂತೆ, ಬೇಜಾರು, ಕಿರಿಕಿರಿ, ಆದ್ರೆ ಯಾರ ಹತ್ರಾನೂ ಬಾಯಿ ಬಿಡಲ್ಲ. ಇವರಿಗೆ ಹೃದಯ ರೋಗ ಬಂದ್ಮೇಲೆ ಚೇತರಿಕೆ ಕಷ್ಟ ಅಂತ ಮೊದಲಿನ ಅಧ್ಯಯನಗಳು ಬಲವಾಗಿ ಹೇಳಿದ್ವು, ನಂತರದ ದೊಡ್ಡ ಅಧ್ಯಯನಗಳಲ್ಲಿ ಸಂಬಂಧ ಅಷ್ಟು ಗಟ್ಟಿಯಾಗಿ ಕಾಣಿಸ್ಲಿಲ್ಲ. ಆದ್ರೂ ಎಲ್ಲಾನೂ ಹೊಟ್ಟೇಲಿಟ್ಕೊಂಡು ನಗ್ತಾ ಓಡಾಡೋರು ತಮ್ಮನ್ನ ಲೆಕ್ಕದಿಂದ ಹೊರಗಿಟ್ಕೋಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಈಗ ಮಾಡೋ ಕೆಲಸಕ್ಕೆ ಬರೋಣ.

ಹಂತ 1: ಮೊದ್ಲು ಬಿಪಿನ ಸರಿಯಾಗಿ ನೋಡ್ಕೊಳ್ಳಿ

"ನನಗೆ ಕೋಪ ಬಂದ್ರೆ ಬಿಪಿ ಗೊತ್ತಾಗ್ಬಿಡುತ್ತೆ, ತಲೆ ಧಿಮ್ ಅನ್ನುತ್ತೆ" ಅನ್ನೋರು ಬಹಳ ಜನ. ನಿಜ ಏನಂದ್ರೆ ಹೈ ಬಿಪಿ ಬಹುತೇಕ ಸಲ ಯಾವ ಸೂಚನೇನೂ ಕೊಡಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಹೈ ಬಿಪಿ ಇರೋ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ತಮಗಿದೆ ಅಂತಾನೇ ಗೊತ್ತಿಲ್ಲ. ತುಂಬಾ ಶಾಂತವಾಗಿರೋರಿಗೂ ಹೈ ಬಿಪಿ ಇರುತ್ತೆ, ದಿನಾ ಕೂಗಾಡೋರಿಗೂ ನಾರ್ಮಲ್ ಇರಬಹುದು. ಹಾಗಾಗಿ ಊಹೆ ಬೇಡ, ಅಳತೆ ಬೇಕು.

ತೋಳಿಗೆ ಕಟ್ಟೋ ಡಿಜಿಟಲ್ ಮಷಿನ್ ಇಟ್ಕೊಳ್ಳಿ, ಮಣಿಕಟ್ಟಿಂದಕ್ಕಿಂತ ಇದು ವಾಸಿ. ತೋಳಿನ ದಪ್ಪಕ್ಕೆ ಪಟ್ಟಿ ಸರಿಹೊಂದ್ಬೇಕು, ಪಟ್ಟಿ ಚಿಕ್ಕದಾದ್ರೆ ರೀಡಿಂಗ್ ಸುಳ್ಳೇ ಜಾಸ್ತಿ ತೋರಿಸುತ್ತೆ. ನೋಡೋ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರೋ ಕುರ್ಚೀಲಿ 5 ನಿಮಿಷ ಸುಮ್ನೆ ಕೂರಿ. ಕಾಲ ಮೇಲೆ ಕಾಲು ಹಾಕ್ಬೇಡಿ, ಪಾದ ನೆಲದ ಮೇಲಿರ್ಲಿ, ತೋಳು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇರ್ಲಿ, ಪಟ್ಟಿ ಬಟ್ಟೆ ಮೇಲೆ ಬೇಡ. ಮಾತಾಡ್ಬೇಡಿ, ಮಾತಾಡಿದ್ರೆ ಮೇಲಿನ ಸಂಖ್ಯೆ 10ರಷ್ಟು ಏರಬಹುದು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತೆ ಸಂಜೆ, ಹೀಗೆ 7 ದಿನ ಬರೆದು, ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೀರಿ. ಮನೇಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ರೆ ಡಾಕ್ಟ್ರಿಗೆ ತೋರಿಸ್ಬೇಕು. ಆಸ್ಪತ್ರೇಲಿ ನೋಡಿದಾಗ ಹೆಚ್ಚಿನ ದೇಶಗಳಲ್ಲಿ 140/90 ಗಡಿ, ಅಮೆರಿಕದವರು 2017ರಿಂದ 130/80 ಅಂತಾರೆ.

ಜಗಳ ಆಡಿದ ತಕ್ಷಣ ಓಡಿಬಂದು ಪಟ್ಟಿ ಕಟ್ಕೊಳ್ಳೋ ಚಟ ಮಾತ್ರ ಬೇಡ. ಆಗ ಜಾಸ್ತಿ ಬರೋದು ಸಹಜ, ಆ ಸಂಖ್ಯೆ ನೋಡಿ ಗಾಬರಿಯಾಗಿ ಇನ್ನೂ ಏರುತ್ತೆ, ಮತ್ತೆ ನೋಡ್ತೀರಿ, ಮತ್ತೆ ಏರುತ್ತೆ. ಇಟ್ಟ ಸಮಯಕ್ಕೆ ನೋಡಿದ ಸರಾಸರಿಯೇ ನಿಮ್ಮ ಬಿಪಿ.

ಹಂತ 2: ನಿಮ್ಮ ಸಿಟ್ಟು ಯಾವ ಥರದ್ದು ಅಂತ ಗುರುತಿಸಿ

ಕೆಲವರದ್ದು ಹೊರಗೆ ಸಿಡಿಯೋ ಸಿಟ್ಟು, ಕೂಗಾಟ, ಬಾಗಿಲು ಧಡಾರ್ ಅನ್ಸೋದು. ಕೆಲವರದ್ದು ಒಳಗೆ ಕುದಿಯೋ ಸಿಟ್ಟು, ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ, ಹಲ್ಲು ಕಚ್ಕೊಂಡಿರ್ತಾರೆ. ಕೆಲವರಿಗೆ ಸಿಟ್ಟಿಗಿಂತ ಅವಸರ ಜಾಸ್ತಿ, ಲಿಫ್ಟ್ ಬಟನ್ ಒತ್ತಿದ್ಮೇಲೂ ಮತ್ತೆ ಮತ್ತೆ ಒತ್ತೋದು, ಎದುರಿನವರ ವಾಕ್ಯ ತಾವೇ ಮುಗಿಸೋದು. ಇನ್ನು ಕೆಲವರಿಗೆ ಮುನಿಸು, ವರ್ಷಗಟ್ಲೆ ಒಬ್ಬರ ಜೊತೆ ಮಾತಿಲ್ಲ, ಹೆಸರು ಕೇಳಿದ್ರೆ ಸಾಕು ಎದೆ ಬಿಗಿಯಾಗುತ್ತೆ. ಒಬ್ಬರಲ್ಲೇ ಎರಡು ಮೂರು ಇರ್ತವೆ, ಆಫೀಸಲ್ಲಿ ಒಳಗೆ ಕುದಿಯೋರು ಮನೇಲಿ ಸಿಡೀತಾರೆ.

ನಿಮ್ಮನ್ನ ನೀವೇ ಕೇಳ್ಕೊಂಡ್ರೆ ಅರ್ಧ ಸತ್ಯ ಸಿಗುತ್ತೆ. ಜೊತೇಲಿ ಬದುಕೋ ಒಬ್ಬರನ್ನ, ಸಮಾಧಾನವಾಗಿರೋ ಹೊತ್ತಲ್ಲಿ, "ನಾನು ಸಿಟ್ಟಾದಾಗ ಏನ್ ಮಾಡ್ತೀನಿ, ಸರಿಹೋಗಕ್ಕೆ ಎಷ್ಟು ಹೊತ್ತಾಗುತ್ತೆ" ಅಂತ ಕೇಳಿ. ಉತ್ತರ ಕೊಡ್ತಿರೋವಾಗ ವಾದ ಮಾಡ್ಬೇಡಿ, ಬರ್ಕೊಳ್ಳಿ ಅಷ್ಟೇ.

ಹಂತ 3: ಎರಡು ವಾರ ಸಿಟ್ಟಿನ ಲೆಕ್ಕ ಬರೀರಿ

ದೊಡ್ಡ ಡೈರಿ ಬೇಡ, ಫೋನಲ್ಲಿ ಒಂದು ನೋಟ್ ಸಾಕು. ಉದಾಹರಣೆಗೆ ಹೀಗೆ: "ಬೆಳಿಗ್ಗೆ 9:10. ಫೋನ್ ಕಟ್ ಮಾಡಿದ್ರು. 10ಕ್ಕೆ 7. ದವಡೆ ಬಿಗಿ, ಕಿವಿ ಬಿಸಿ. ಮನಸ್ಸಿಗೆ ಬಂದಿದ್ದು: ಬೇಕಂತಲೇ ಅವಮಾನ ಮಾಡಿದ್ರು. ಇಳಿದಿದ್ದು 11 ಗಂಟೆಗೆ. ರಾತ್ರಿ ನಿದ್ದೆ ಕಮ್ಮಿ ಆಗಿತ್ತು." ಸಮಯ, ಕಾರಣ, ತೀವ್ರತೆ, ಮೈ ಏನು ಹೇಳ್ತು, ಮನಸ್ಸು ಏನು ಹೇಳ್ತು, ಯಾವಾಗ ಇಳೀತು, ಇಷ್ಟಿದ್ರೆ ಸಾಕು.

ಇದರಲ್ಲಿ "ಯಾವಾಗ ಇಳೀತು" ಅನ್ನೋದನ್ನ ಜನ ಬರೆಯಲ್ಲ, ಆದ್ರೆ ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಫೋನ್ ಕಟ್ ಆಗಿದ್ದು ಒಂದು ಸೆಕೆಂಡು, ಸಿಟ್ಟು ಮೈಯಲ್ಲಿದ್ದಿದ್ದು ಹತ್ತಿರ ಎರಡು ಗಂಟೆ. ಆ ಎರಡು ಗಂಟೇಲಿ ಅವರು ತಮ್ಮ ಪಾಡಿಗೆ ಬೇರೆ ಕೆಲಸ ಮಾಡ್ಕೊಂಡಿದ್ರು, ಹೃದಯ ಹೊಡ್ಕೊಂಡಿದ್ದು ನಿಮ್ಮದು.

ಎಷ್ಟು ಸಲ ಅನ್ನೋದೂ ಲೆಕ್ಕಕ್ಕೆ ಬರುತ್ತೆ. 2014ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ, ಜೋರು ಸಿಟ್ಟು ಬಂದ ಮೊದಲ 2 ಗಂಟೇಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಬೇರೆ ಹೊತ್ತಿಗಿಂತ ಸುಮಾರು ಐದು ಪಟ್ಟು ಅಂತ ಬಂತು. ಕೇಳಿದ್ರೆ ಭಯ ಆಗುತ್ತೆ, ಆದ್ರೆ ಅದೇ ಲೆಕ್ಕದ ಮುಂದಿನ ಭಾಗಾನೂ ನೋಡಿ: ಹೃದಯದ ಅಪಾಯ ಕಮ್ಮಿ ಇರೋ 10,000 ಜನ ತಿಂಗಳಿಗೊಂದು ಸಲ ಹಾಗೆ ಸಿಟ್ಟಾದ್ರೆ ವರ್ಷಕ್ಕೆ ಹೆಚ್ಚುವರಿ ಒಂದೇ ಒಂದು ಅಟ್ಯಾಕ್, ದಿನಕ್ಕೆ ಐದು ಸಲ ಆದ್ರೆ ಸುಮಾರು 158. ಯಾವತ್ತೋ ಒಂದು ದಿನ ಕೂಗಾಡಿದ್ದಕ್ಕೆ ಹೆದರ್ಬೇಕಾಗಿಲ್ಲ. ದಿನಾ, ದಿನಕ್ಕೆ ನಾಕೈದು ಸಲ ಅನ್ನೋರು ನಿಜವಾಗ್ಲೂ ಎಚ್ಚೆತ್ಕೋಬೇಕು.

ಹಂತ 4: ಮೈ ಕೊಡೋ ಮೊದಲ ಸೂಚನೆ ಹಿಡೀರಿ

ಡೈರಿ ನೋಡಿದ್ರೆ ನಿಮ್ಮ ಸೂಚನೆ ಯಾವುದು ಅಂತ ಗೊತ್ತಾಗುತ್ತೆ. ಒಬ್ಬರಿಗೆ ದವಡೆ, ಒಬ್ಬರಿಗೆ ಹೆಗಲು ಮೇಲೇರೋದು, ಒಬ್ಬರಿಗೆ ದನಿ ಎತ್ತರ ಆಗೋದು, ಒಬ್ಬರಿಗೆ ಉಸಿರು ಮೇಲೆಮೇಲೆ ಆಗೋದು. ಸಿಟ್ಟು 10ಕ್ಕೆ 9 ಮುಟ್ಟಿದ್ಮೇಲೆ ಯಾವ ಬುದ್ಧಿಮಾತೂ ಕೆಲಸ ಮಾಡಲ್ಲ, 4ರಲ್ಲೋ 5ರಲ್ಲೋ ಇರೋವಾಗ ಹಿಡಿದ್ರೆ ಮಾತ್ರ ಕೈಗೆ ಸಿಗುತ್ತೆ.

ಹಿಡಿದ ತಕ್ಷಣ ಮಾಡೋದು: ಬಾಯಿ ಮುಚ್ಚಿ, ಮೂಗಿಂದ ನಿಧಾನಕ್ಕೆ ಉಸಿರು ತಗೊಳ್ಳಿ, ಅದಕ್ಕಿಂತ ನಿಧಾನಕ್ಕೆ ಬಿಡಿ. ಒಳಗೆ 4 ಎಣಿಕೆ, ಹೊರಗೆ 6 ಎಣಿಕೆ, ಅಂದ್ರೆ ನಿಮಿಷಕ್ಕೆ ಸುಮಾರು 6 ಉಸಿರು. ಉಸಿರು ಬಿಡೋವಾಗ ಮೆದುಳಿಂದ ಹೃದಯಕ್ಕೆ ಬರೋ ವೇಗಸ್ ನರ ಹೃದಯದ ವೇಗ ಇಳಿಸುತ್ತೆ, ಅದಕ್ಕೇ ಬಿಡೋ ಭಾಗ ಉದ್ದ ಇರ್ಬೇಕು. ದವಡೆ ಸಡಿಲ, ಹೆಗಲು ಕೆಳಗೆ, ಮುಷ್ಟಿ ಬಿಚ್ಚಿ. ನಿಂತಿದ್ರೆ ಕೂತ್ಕೊಳ್ಳಿ. ನಾಕೈದು ನಿಮಿಷ ಬೇಕಾಗುತ್ತೆ, ಎರಡು ಉಸಿರು ತಗೊಂಡು "ಏನೂ ಆಗ್ಲಿಲ್ಲ" ಅನ್ನೋರೇ ಜಾಸ್ತಿ. ಇದನ್ನ ಸಿಟ್ಟಿಲ್ಲದ ಹೊತ್ತಲ್ಲೇ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿಟ್ಕೊಂಡ್ರೆ ಮಾತ್ರ ಬೇಕಾದಾಗ ಕೈಗೆ ಬರುತ್ತೆ.

ಆಗ್ತಿಲ್ಲ ಅಂದ್ರೆ ಜಾಗ ಬಿಡಿ. ಆದ್ರೆ ಹೇಳಿ ಬಿಡಿ: "ನನಗೀಗ ಸಿಟ್ಟು ಬಂದಿದೆ, ಅರ್ಧ ಗಂಟೆ ಬಿಟ್ಟು ಮಾತಾಡೋಣ." ಹೇಳದೆ ಎದ್ದು ಹೋದ್ರೆ ಎದುರಿನವರಿಗೆ ಅದು ಅವಮಾನ, ಜಗಳ ಇನ್ನೊಂದು ಕಡೆಯಿಂದ ಶುರುವಾಗುತ್ತೆ. ಅರ್ಧ ಗಂಟೆ ಅಂದ್ಮೇಲೆ ವಾಪಸ್ ಬರ್ಲೇಬೇಕು.

ಹಂತ 5: ಮೆಲುಕು ಹಾಕೋದನ್ನ ನಿಲ್ಲಿಸಿ

ಇದು ಎಲ್ಲಕ್ಕಿಂತ ಕಷ್ಟದ ಹಂತ, ಹೆಚ್ಚು ಲಾಭ ಇರೋದೂ ಇಲ್ಲೇ.

"ಸಿಟ್ಟನ್ನ ಹೊರಗೆ ಹಾಕ್ಬಿಡ್ಬೇಕು, ಇಲ್ಲಾಂದ್ರೆ ಒಳಗೇ ಕೊಳೆಯುತ್ತೆ" ಅಂತ ಒಂದು ನಂಬಿಕೆ ಇದೆ. ದಿಂಬು ಹೊಡೀರಿ, ಜೋರಾಗಿ ಕೂಗಿ ಅಂತೆಲ್ಲ ಹೇಳ್ತಾರೆ. 2002ರಲ್ಲಿ ಬ್ರಾಡ್ ಬುಶ್‌ಮನ್ ಅನ್ನೋ ಸಂಶೋಧಕರು ಇದನ್ನ ಪರೀಕ್ಷೆ ಮಾಡಿದ್ರು, ತಮ್ಮನ್ನ ರೇಗಿಸಿದವರನ್ನ ನೆನಪಿಸ್ಕೊಂಡು ಪಂಚಿಂಗ್ ಬ್ಯಾಗಿಗೆ ಹೊಡೆದವರ ಸಿಟ್ಟು ಇಳೀಲಿಲ್ಲ, ಏರ್ತು. ಏನೂ ಮಾಡದೆ ಸುಮ್ನೆ ಕೂತವರೇ ಅವರಿಗಿಂತ ಶಾಂತವಾಗಿದ್ರು. 2024ರಲ್ಲಿ 154 ಅಧ್ಯಯನಗಳನ್ನ ಒಟ್ಟಿಗೆ ನೋಡಿದಾಗಲೂ ಅದೇ ಬಂತು: ಮೈನ ಉದ್ರೇಕ ಇಳಿಸೋವು, ಅಂದ್ರೆ ನಿಧಾನ ಉಸಿರಾಟ, ಧ್ಯಾನ, ಯೋಗ, ಸ್ನಾಯು ಸಡಿಲ ಮಾಡೋ ಅಭ್ಯಾಸ, ಇವು ಸಿಟ್ಟು ಇಳಿಸ್ತವೆ, ಉದ್ರೇಕ ಏರಿಸೋವು ಒಟ್ಟಾರೆ ಇಳಿಸಲ್ಲ, ಜಾಗಿಂಗ್ ಅಂತೂ ಜಾಸ್ತೀನೇ ಮಾಡ್ತು.

ಹಾಗಂತ ಒಳಗೇ ಅದುಮಿಡಿ ಅಂತಾನೂ ನಾನು ಹೇಳ್ತಿಲ್ಲ. ಅದುಮಿಟ್ಟ ಸಿಟ್ಟು ರಾತ್ರಿ ಹೊತ್ತು ಎದ್ದು ಬರುತ್ತೆ. ಕಾರಣನ ಬಗೆಹರಿಸ್ಬೇಕು, ಆದ್ರೆ ಸಿಟ್ಟು ಇಳಿದ್ಮೇಲೆ. ಅಲ್ಲೀವರೆಗೆ ಆ ಘಟನೇನ ತಲೇಲಿ ಮತ್ತೆ ಮತ್ತೆ ಓಡಿಸ್ಬಾರ್ದು, ಯಾಕಂದ್ರೆ ಜಗಳ ಮುಗಿದ್ರೂ ಮೆಲುಕು ಹಾಕ್ತಿರೋರ ಬಿಪಿ ಇಳಿಯೋದು ತಡ ಆಗುತ್ತೆ, ಗಮನ ಬೇರೆ ಕಡೆ ಹೋದವರದ್ದು ಬೇಗ ಇಳಿಯುತ್ತೆ.

ಪ್ರಾಯೋಗಿಕವಾಗಿ ಹೀಗೆ ಮಾಡಿ. ತಲೇಲಿ ಅದೇ ಸೀನು ಶುರುವಾದ ತಕ್ಷಣ "ಮೆಲುಕು ಶುರುವಾಯ್ತು" ಅಂತ ನಿಮಗೆ ನೀವೇ ಹೇಳ್ಕೊಳ್ಳಿ. ಆಮೇಲೆ ಮೂರು ಪ್ರಶ್ನೆ: ಇದು ನಿಜವಾಗ್ಲೂ ಬೇಕಂತ ಮಾಡಿದ್ದೋ, ಅಥವಾ ಬೇರೆ ಕಾರಣ ಇರಬಹುದೋ? ಒಂದು ತಿಂಗಳು ಬಿಟ್ಟು ನೋಡಿದ್ರೆ ಇದು ಇಷ್ಟು ದೊಡ್ಡದಾ? ಇದಕ್ಕೆ ನಾನು ಮಾಡಬಹುದಾದ್ದು ಏನಾದ್ರೂ ಇದ್ಯಾ? ಇದೆ ಅಂದ್ರೆ ಏನು, ಯಾವಾಗ ಅಂತ ಒಂದು ಸಾಲು ಬರೆದಿಡಿ. ಇಲ್ಲ ಅಂದ್ರೆ ತಲೆಗೆ ಪೂರ್ತಿ ಕೆಲಸ ಕೊಡೋ ಏನಾದ್ರೂ ಹಿಡ್ಕೊಳ್ಳಿ, ಪದಬಂಧ, ಲೆಕ್ಕ, ಮಕ್ಕಳ ಪಾಠ, ವಾದ್ಯ. ಟಿವಿ ಸಾಕಾಗಲ್ಲ, ಟಿವಿ ಮುಂದೆ ಕೂತು ಒಳಗೆ ಜಗಳ ಆಡೋದು ಎಲ್ಲರಿಗೂ ಬರುತ್ತೆ. ಇನ್ನೊಂದು, ಅದೇ ಕಥೇನ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳ್ಬೇಡಿ, ಒಂದೊಂದು ಸಲ ಹೇಳೋವಾಗ್ಲೂ ಮೈ ಅದನ್ನ ಹೊಸ ಜಗಳ ಅಂತಾನೇ ತಿಳ್ಕೊಳ್ಳುತ್ತೆ. ನಂಬಿಕಸ್ಥ ಒಬ್ಬರ ಹತ್ರ, ದಾರಿ ಹುಡುಕಕ್ಕೆ ಅಂತ ಒಂದು ಸಲ ಹೇಳಿ, ಸಾಕು.

ಹಂತ 6: ಹೇಳ್ಬೇಕಾದ್ದನ್ನ ಹೇಳಕ್ಕೆ ಕಲೀರಿ

ಒಳಗೆ ಕುದಿಯೋರಿಗೆ ಈ ಹಂತ ಬೇಕೇ ಬೇಕು. "ನೀವು ಯಾವಾಗ್ಲೂ ಹಿಂಗೇ" ಅಂತ ಶುರು ಮಾಡಿದ್ರೆ ಎದುರಿನವರು ಕಿವಿ ಮುಚ್ಕೊಳ್ತಾರೆ. ಏನಾಯ್ತು, ನನಗೆ ಏನನ್ನಿಸ್ತು, ಮುಂದೆ ಏನಾಗ್ಬೇಕು, ಈ ಮೂರನ್ನ ಮಾತ್ರ ಹೇಳಿ. "ಫೋನ್ ಮಧ್ಯದಲ್ಲಿ ಕಟ್ ಆಯ್ತು, ನನಗೆ ಬೇಜಾರಾಯ್ತು, ಅರ್ಜೆಂಟ್ ಇದ್ರೆ ಆಮೇಲೆ ಮಾಡ್ತೀನಿ ಅಂತ ಒಂದು ಮಾತು ಹೇಳಿ." ದನಿ ತಗ್ಗಿಸಿ, ನಿಧಾನಕ್ಕೆ. ದನಿ ತಗ್ಗಿದ್ರೆ ಮೈಯೂ ಸ್ವಲ್ಪ ತಗ್ಗುತ್ತೆ.

ಹಂತ 7: ಅವಸರಕ್ಕೆ ಬೇಕಂತಲೇ ಬ್ರೇಕ್ ಹಾಕಿ

ಟೈಪ್ ಎ ಕಂಡುಹಿಡಿದ ಅದೇ ಫ್ರೀಡ್‌ಮನ್ ಆಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದ್ರು. ಹಾರ್ಟ್ ಅಟ್ಯಾಕ್ ಆಗಿದ್ದ ಸುಮಾರು 1,000 ಜನರನ್ನ ತಗೊಂಡು, ಒಂದು ಗುಂಪಿಗೆ ಮಾಮೂಲಿ ಹೃದಯದ ಸಲಹೆ, ಇನ್ನೊಂದು ಗುಂಪಿಗೆ ಅದರ ಜೊತೆ ಸಿಟ್ಟು-ಅವಸರ ಕಮ್ಮಿ ಮಾಡೋ ಕೌನ್ಸೆಲಿಂಗ್. ನಾಲ್ಕೂವರೆ ವರ್ಷದ ಕೊನೇಲಿ ಮತ್ತೆ ಹೃದಯದ ತೊಂದ್ರೆ ಆಗಿದ್ದು ಮಾಮೂಲಿ ಗುಂಪಲ್ಲಿ ಸುಮಾರು 21%, ಕೌನ್ಸೆಲಿಂಗ್ ಗುಂಪಲ್ಲಿ ಸುಮಾರು 13%. ಸ್ವಭಾವ ಬದಲಾಗಲ್ಲ ಅನ್ನೋರಿಗೆ ನಾನು ತೋರಿಸೋದು ಇದನ್ನ.

ಅವರು ಕೊಟ್ಟ ಹೋಮ್‌ವರ್ಕ್ ಬಹಳ ಸರಳ: ಎರಡು ಸಾಲಿದ್ರೆ ಉದ್ದದ ಸಾಲಲ್ಲಿ ನಿಲ್ಲಿ, ರಸ್ತೇಲಿ ನಿಧಾನದ ಲೇನ್ ಹಿಡೀರಿ, ವಾಚ್ ಬಿಚ್ಚಿಟ್ಟು ಓಡಾಡಿ. ಮೊದಮೊದಲು ಮೈಯೆಲ್ಲ ಪರಚ್ಕೊಳ್ಳೋ ಹಾಗಾಗುತ್ತೆ. ವಾರ ಎರಡು ವಾರ ಕಳೆದ್ಮೇಲೆ ಕಾಯೋದು ಒಂದು ಶಿಕ್ಷೆ ಅನ್ಸೋದು ಕಮ್ಮಿ ಆಗುತ್ತೆ. ಇದರ ಜೊತೆಗೆ ಎರಡು ಕೆಲಸದ ಮಧ್ಯೆ ಹತ್ತು ನಿಮಿಷ ಖಾಲಿ ಬಿಡಿ, ಎಷ್ಟೋ ಸಲ ಸಿಟ್ಟು ತಡ ಆಯ್ತು ಅನ್ನೋ ಗಾಬರಿಯಿಂದಾನೇ ಹುಟ್ಟುತ್ತೆ.

ಹಂತ 8: ಸಿಟ್ಟಿನ ಹಿಂದೆ ಬೇರೆ ಏನಾದ್ರೂ ಇದ್ಯಾ ನೋಡಿ

ಇದ್ದಕ್ಕಿದ್ದ ಹಾಗೆ ಯಾರಾದ್ರೂ ಸಿಡುಕ್ತಿದ್ದಾರೆ ಅಂದ್ರೆ ಅದು ಬರೀ ಸ್ವಭಾವ ಅಲ್ಲದೇ ಇರಬಹುದು. ನಿದ್ದೆ ಕಮ್ಮಿ ಆದ್ರೆ ಎಂಥವರೂ ರೇಗ್ತಾರೆ. ಜೋರಾಗಿ ಗೊರಕೆ ಹೊಡೆದು, ನಿದ್ದೇಲಿ ಉಸಿರು ನಿಂತು ನಿಂತು ಬರೋ ಸ್ಲೀಪ್ ಅಪ್ನಿಯಾ ಇದ್ರೆ ಬಿಪಿನೂ ಏರುತ್ತೆ, ಹಗಲು ಸಿಡುಕೂ ಜಾಸ್ತಿ, ಇದನ್ನ ಬಹಳ ಜನ ಗಮನಿಸಲ್ಲ. ಥೈರಾಯ್ಡ್ ಜಾಸ್ತಿ ಆದ್ರೆ ಎದೆಬಡಿತ, ಬೆವರು, ಸಿಟ್ಟು ಒಟ್ಟಿಗೆ ಬರ್ತವೆ. ಡಿಪ್ರೆಶನ್ ಎಷ್ಟೋ ಗಂಡಸರಲ್ಲಿ ಅಳು ರೂಪದಲ್ಲಿ ಬರಲ್ಲ, ಸಿಟ್ಟಿನ ರೂಪದಲ್ಲಿ ಬರುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲೋ ಸಮಯದಲ್ಲೂ ಕಿರಿಕಿರಿ ಜಾಸ್ತಿ ಆಗಬಹುದು. ಕುಡಿತ ಸಿಟ್ಟಿನ ಬಾಗಿಲನ್ನೂ ತೆಗೆಯುತ್ತೆ, ಬಿಪಿನೂ ಏರಿಸುತ್ತೆ. ಮೂಗು ಕಟ್ಟಿದ್ದಕ್ಕೆ ತಗೊಳ್ಳೋ ಕೆಲವು ಶೀತದ ಮಾತ್ರೆ, ಕೆಲವು ನೋವಿನ ಮಾತ್ರೆಗಳೂ ಬಿಪಿ ಏರಿಸ್ತವೆ, ಡಾಕ್ಟ್ರಿಗೆ ನೀವು ತಗೊಳ್ಳೋದನ್ನೆಲ್ಲ ಹೇಳಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಸಿಗರೇಟ್ ಬಿಡೋದು, ಇವು ನಿಮಗೆ ಗೊತ್ತಿರೋದೇ. ನಡಿಗೆ ಬಗ್ಗೆ ಒಂದೇ ಎಚ್ಚರಿಕೆ: ಸಿಟ್ಟು ನೆತ್ತಿಗೇರಿದಾಗ ಜೋರಾಗಿ ಓಡೋದು, ಭಾರ ಎತ್ತೋದು ಬೇಡ. 52 ದೇಶಗಳ ಸುಮಾರು 12,000 ಹಾರ್ಟ್ ಅಟ್ಯಾಕ್ ರೋಗಿಗಳನ್ನ ನೋಡಿದ ಅಧ್ಯಯನದಲ್ಲಿ, ಅಟ್ಯಾಕಿಗೆ ಮುಂಚಿನ ಒಂದು ಗಂಟೇಲಿ ಸಿಟ್ಟು ಅಥವಾ ಮನಸ್ಸಿಗೆ ಆಘಾತ ಇದ್ರೆ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ, ಅದರ ಜೊತೆ ಭಾರೀ ಶ್ರಮಾನೂ ಸೇರಿದ್ರೆ ಸುಮಾರು ಮೂರು ಪಟ್ಟು ಅಂತ ಬಂದಿದೆ. ನಿಧಾನಕ್ಕೆ ನಡೀರಿ, ಓಟ ನಾಳೆ ಬೆಳಿಗ್ಗೆಗೆ ಇರ್ಲಿ.

ಹಂತ 9: ಹೃದಯ ರೋಗ ಈಗಾಗ್ಲೇ ಇರೋರು, ಮತ್ತೆ ಅವರ ಮನೆಯವರು

18ನೇ ಶತಮಾನದಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರ್ ಅಂತ ದೊಡ್ಡ ಸರ್ಜನ್ ಇದ್ರು, ಅವರಿಗೆ ಆಂಜೈನಾ, ಅಂದ್ರೆ ಹೃದಯಕ್ಕೆ ರಕ್ತ ಸಾಲದೆ ಬರೋ ಎದೆನೋವು, ಇತ್ತು, ಸಿಟ್ಟು ಬಂದಾಗೆಲ್ಲ ಎದೆನೋವು ಬರ್ತಿತ್ತು. ನನ್ನನ್ನ ಕೆಣಕೋ ಯಾವ ಪೋಕರಿಯ ಕೈಯಲ್ಲಾದ್ರೂ ನನ್ನ ಜೀವ ಇದೆ ಅನ್ನೋ ಅರ್ಥದ ಮಾತು ಅವರೇ ಹೇಳ್ತಿದ್ರಂತೆ. 1793ರಲ್ಲಿ ಆಸ್ಪತ್ರೆ ಮೀಟಿಂಗಲ್ಲಿ ಮಾತಿಗೆ ಮಾತು ಬೆಳೆದು, ಅಲ್ಲೇ ಕುಸಿದು ತೀರ್ಕೊಂಡ್ರು. ತಮ್ಮ ಕಾಯಿಲೆ ಏನು, ಯಾವಾಗ ಬರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ತಡೆಯೋ ಉಪಾಯ ಮಾತ್ರ ಆಗಿನ ಕಾಲದಲ್ಲಿ ಇರ್ಲಿಲ್ಲ. ಈಗ ಇದೆ. ಬೀಟಾ ಬ್ಲಾಕರ್ ಥರದ ಮಾತ್ರೆಗಳು ಅಡ್ರಿನಲಿನ್ ಹೃದಯದ ಮೇಲೆ ಮಾಡೋ ಹೊಡೆತ ತಗ್ಗಿಸ್ತವೆ, ಹೃದಯ ರೋಗಿಗಳಿಗೆ ವ್ಯಾಯಾಮ, ಸಲಹೆ ಕೊಟ್ಟು ಚೇತರಿಸೋ ಕಾರ್ಡಿಯಾಕ್ ರಿಹ್ಯಾಬ್ ಇದೆ, ಸಿಟ್ಟಿಗೇ ಅಂತ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದ್ರೆ ಯೋಚನೆ, ನಡವಳಿಕೆ ಬದಲಾಯಿಸೋ ಮಾತಿನ ಚಿಕಿತ್ಸೆ ಮಾಡೋ ಸೈಕಾಲಜಿಸ್ಟ್‌ಗಳಿದ್ದಾರೆ. ಡಾಕ್ಟ್ರ ಹತ್ರ "ನನಗೆ ಸಿಟ್ಟು ಬಂದಾಗ ಎದೆ ಬಿಗಿಯುತ್ತೆ" ಅಂತ ಬಾಯ್ಬಿಟ್ಟು ಹೇಳಿ, ಅದು ಮಾನಸಿಕ ವಿಷಯ, ಅವರಿಗ್ಯಾಕೆ ಅಂದ್ಕೋಬೇಡಿ.

ಜಗಳ ಆದ್ಮೇಲೆ ಅಥವಾ ಯಾವಾಗ್ಲೇ ಆಗ್ಲಿ, ಎದೆ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗಿ ಕೆಲವು ನಿಮಿಷ ಆದ್ರೂ ಹೋಗ್ತಿಲ್ಲ, ನೋವು ಕೈಗೆ, ದವಡೆಗೆ, ಬೆನ್ನಿಗೆ ಹರಡ್ತಿದೆ, ತಣ್ಣನೆ ಬೆವರು, ಉಸಿರು ಕಟ್ಟೋದು, ವಾಕರಿಕೆ ಇದೆ ಅಂದ್ರೆ ಉಸಿರಾಟದ ಅಭ್ಯಾಸ ಮಾಡ್ತಾ ಕೂರ್ಬೇಡಿ, ಆಂಬುಲೆನ್ಸ್ ಕರೀರಿ, ನೀವೇ ಗಾಡಿ ಓಡಿಸ್ಕೊಂಡು ಹೋಗ್ಬೇಡಿ. ಹೆಂಗಸರಲ್ಲಿ, ಶುಗರ್ ಇರೋರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದ್ರೆ ಆಗಿಯೂ ಬರಬಹುದು. ಮುಖ ಒಂದು ಕಡೆ ವಾಲೋದು, ಒಂದು ಕೈ ಎತ್ತಕ್ಕಾಗದೇ ಇರೋದು, ಮಾತು ತೊದಲೋದು ಸ್ಟ್ರೋಕ್ ಸೂಚನೆ, ಅದಕ್ಕೂ ಅದೇ ಅವಸರ ಬೇಕು. ಬಿಪಿ 180/120 ದಾಟಿ ಇಂಥ ಯಾವ ಲಕ್ಷಣ ಇದ್ರೂ ಕಾಯೋ ಮಾತೇ ಇಲ್ಲ. ಲಕ್ಷಣ ಏನೂ ಇಲ್ಲ, ಸಂಖ್ಯೆ ಮಾತ್ರ ಅಷ್ಟಿದೆ ಅಂದ್ರೆ ಐದು ನಿಮಿಷ ಸುಮ್ನೆ ಕೂತು ಮತ್ತೆ ನೋಡಿ, ಹಾಗೇ ಇದ್ರೆ ಅವತ್ತೇ ಡಾಕ್ಟ್ರನ್ನ ಕೇಳಿ.

ಮನೆಯವರಿಗೆ ಎರಡು ಮಾತು. ಗಲಾಟೆ ನಡೀತಿರೋವಾಗ "ನಿಮ್ಮ ಬಿಪಿ ನೋಡ್ಕೊಳ್ಳಿ" ಅಂತ ಚುಚ್ಬೇಡಿ, ಅದು ಕಾಳಜಿ ಥರ ಕೇಳಿಸಲ್ಲ. ಹಾಗಂತ ಹಾರ್ಟ್ ಪೇಶೆಂಟ್ ಅಂತ ಅವರು ಕೂಗಾಡಿದ್ದನ್ನೆಲ್ಲ ಸಹಿಸ್ಕೊಂಡು ಕೂರ್ಬೇಕಾಗೂ ಇಲ್ಲ, ಹೊಡೆತ ಬಡಿತ ಇದ್ರೆ ಮೊದ್ಲು ನಿಮ್ಮ ಸುರಕ್ಷತೆ. ಮಾಡಬಹುದಾದ್ದು ಏನಂದ್ರೆ, ಸಮಾಧಾನವಾಗಿರೋ ಒಂದು ದಿನ ಇಬ್ಬರೂ ಸೇರಿ ಒಂದು ಮಾತು ಗೊತ್ತು ಮಾಡ್ಕೊಳ್ಳಿ, ಯಾರಾದ್ರೂ "ಆಮೇಲೆ" ಅಂದ್ರೆ ಆ ಮಾತು ಅಲ್ಲಿಗೆ ನಿಲ್ಬೇಕು, ಅವತ್ತು ರಾತ್ರಿಯೊಳಗೆ ಮತ್ತೆ ಕೂತು ಮಾತಾಡ್ಬೇಕು.

ಮೂರು ತಿಂಗಳಾದ್ಮೇಲೆ ಮತ್ತೆ ಎರಡು ವಾರ ಡೈರಿ, ಒಂದು ವಾರ ಬಿಪಿ ಬರೆದು ಹಳೇದರ ಪಕ್ಕ ಇಟ್ಟು ನೋಡಿ. ಸಿಟ್ಟು ಬಂದ ಸಲ ಅಷ್ಟೇನೂ ಕಮ್ಮಿ ಆಗದೇ ಇರಬಹುದು, "ಯಾವಾಗ ಇಳೀತು" ಅನ್ನೋ ಸಾಲಲ್ಲಿ ಎರಡು ಗಂಟೆ ಇದ್ದಿದ್ದು ಇಪ್ಪತ್ತು ನಿಮಿಷಕ್ಕೆ ಬಂದಿದ್ರೂ ಅದು ದೊಡ್ಡ ಲಾಭ. ಬಿಪಿ ಸರಾಸರಿ ಇಳಿದಿದ್ರೆ ಮಾತ್ರೆ ಕಮ್ಮಿ ಮಾಡೋ ನಿರ್ಧಾರ ನೀವು ತಗೋಬೇಡಿ, ಎರಡೂ ಪಟ್ಟಿ ತಗೊಂಡು ಹೋಗಿ ಡಾಕ್ಟ್ರ ಮುಂದಿಡಿ.